ಕಾಲು ಜಾರಿದವಳು

ನಮ್ಮ ದೊಡ್ಡಮ್ಮನಿಗೆ ಓದು ಬರಹ ಬಾರದು. ಆದರೆ ಅವಳು ಹೇಳುವ ಒಂದು ಕಥೆಯಲ್ಲಿ ಯಾರಾದರೂ ಒಂದು ಮಾತು ಆಚೀಚೆ ಮಾಡಿದರೆ ನುಂಗುವಂತೆ ನೋಡುತ್ತಿದ್ದಳು.

ಬಡವನಹಳ್ಳಿಗೆ ಹತ್ತಿರದ ನಮ್ಮೂರ ಬೆಟ್ಟದ ಮೇಲೆ, ಬಂಡೆಯೊಳಗೆ ನೀರು ನಿಲ್ಲುವ ಒಂದು ದೊಣೆಯಿದೆ. ಹಿಂದೆ ಅಲ್ಲಿ ಕೋಟೆ ಕಟ್ಟುವಾಗ ಕಲ್ಲುಕುಟಿಗರಿಗೆ ನೀರು ಹೊರುತ್ತಿದ್ದ ನಮ್ಮ ಮನೆಯ ಸೊಸೆಯೊಬ್ಬಳು ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಸತ್ತಳಂತೆ. ಅಷ್ಟೇ ಕಥೆ. ರಾಜನಿಲ್ಲ, ನಿಧಿಯಿಲ್ಲ. ಅವಳ ನೆನಪಿಗೆ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಬೆಟ್ಟ ಹತ್ತಿ, ದೊಣೆಯ ಮೆಟ್ಟಿಲ ಮೇಲೆ ಒಂದೊಂದು ಹಿಡಿ ಮರಳು ಚೆಲ್ಲುತ್ತೇವೆ, ಇನ್ನೊಬ್ಬಳ ಕಾಲು ಜಾರದಿರಲಿ ಎಂದು. ಚೀಲದಲ್ಲಿ ಮರಳು ತಂದು ಎಲ್ಲರ ಕೈಗೂ ಹಾಕುವುದು ದೊಡ್ಡಮ್ಮನ ಕೆಲಸ. ಅವಳೂ ಈ ಮನೆಗೆ ಸೊಸೆಯಾಗಿ ಬಂದವಳೇ.

ಮಧುಗಿರಿಯ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನೊಬ್ಬ ಈಗ ಶಿರಾದಲ್ಲಿದ್ದಾನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬೆಟ್ಟ ಕೋಟೆಗಳಿಗೆ ಪ್ರವಾಸಿಗರನ್ನು ಎಳೆಯಲು ಜಾಗಜಾಗಕ್ಕೆ ಕಥೆಯ ಬೋರ್ಡು ಹಾಕಿಸುವ ಹೊಣೆ ಅವನದು. "ಕಥೆ ಇಲ್ದಿದ್ರೆ ನಿಮ್ಮ ಬೆಟ್ಟ ಯಾರೋ ಹತ್ತಾರೆ? ಒಂದು ಬರ್ಕೊಡು" ಎಂದು ದುಂಬಾಲು ಬಿದ್ದ. ದೊಡ್ಡಮ್ಮನನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

"ಇದ್ದಂಗೇ ಬರೀಬೇಕು ಕಣ್ಲಾ. ಸತ್ತೋಳು ಎದ್ದು ಬಂದು ಅಂಗಲ್ಲ, ಇಂಗೆ ಅನ್ನಕಾಗಲ್ಲ" ಎಂದಳು. ಆಣೆ ಮಾಡಿದೆ. ಒಂದಕ್ಷರವನ್ನೂ ತಿದ್ದುವುದಿಲ್ಲವೆಂದು ಗೆಳೆಯನೂ ನನಗೆ ಮಾತು ಕೊಟ್ಟ.

ಬೋರ್ಡು ಬರೆಸುವ ಮುಂಚೆ ಅದರ ಬರಹ ವಾಟ್ಸಾಪಿನಲ್ಲಿ ಬಂತು. ಓದಿ ಮೈಯೆಲ್ಲ ಉರಿಯಿತು. ನಮ್ಮ ಮನೆಯ ಸೊಸೆ ಕೋಟೆಯ ಸೈನಿಕನೊಬ್ಬನಿಗೆ ಮನಸೋತು, ಸಿಕ್ಕಿಬಿದ್ದು, ದೊಣೆಗೆ ಹಾರಿಕೊಂಡಿದ್ದಳು. ಜಾಗದ ಹೆಸರು 'ಪ್ರೇಮಿಗಳ ದೊಣೆ'. ಕೂಡಲೇ ಫೋನ್ ಮಾಡಿದೆ.

"ಕಾಲು ಜಾರಿದಳು ಅಂತ ನೀನೇ ಬರ್ದಿದ್ದೀಯಲ್ಲೋ! ಅದನ್ನೇ ಸ್ವಲ್ಪ ಬಿಡಿಸಿ ಹೇಳಿದೆ" ಎಂದ.

"ಪಾಚಿ ಮೇಲೆ ಅಂತಾನೂ ಬರ್ದಿದ್ದೆ."

ನಕ್ಕುಬಿಟ್ಟ. "ಪಾಚಿ ನೋಡೋಕೆ ಪೆಟ್ರೋಲ್ ಸುಟ್ಕೊಂಡು ಯಾರು ಬರ್ತಾರೆ ಗುರು? ಕೆಳಗೆ ನೋಡು, ಕಥೆ ಸಂಗ್ರಹ ಅಂತ ನಿನ್ನ ಹೆಸರು ದಪ್ಪಕ್ಷರದಲ್ಲಿ ಹಾಕ್ಸಿದ್ದೀನಿ."

ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟೆ. ನಂಬಿಸಿ ಕತ್ತು ಕುಯ್ದ ಎಂದು ಇವತ್ತಿಗೂ ಅವನ ಮೇಲೆ ನನಗೆ ಸಿಟ್ಟಿದೆ.

ಈ ವರ್ಷ ಬೆಟ್ಟ ಹತ್ತಿದಾಗ ಬೋರ್ಡು ಎದುರಿಗೇ ನಿಂತಿತ್ತು. ದೊಡ್ಡಮ್ಮ ಏದುಸಿರು ಬಿಡುತ್ತಾ, "ಓದ್ಲಾ, ಕೇಳವಾ" ಎಂದಳು. ನಾನು ಬೋರ್ಡು ನೋಡುತ್ತಾ, ನಾನು ಬರೆದುಕೊಟ್ಟಿದ್ದನ್ನೇ ಬಾಯಿಪಾಠ ಒಪ್ಪಿಸಿದೆ. ನೀರು, ಪಾಚಿ, ಎಲ್ಲ ಇತ್ತು. ಅವಳು ಸೆರಗಿನಿಂದ ಬೋರ್ಡಿನ ಧೂಳು ಒರೆಸಿದಳು. ಆ ಖುಷಿ ನೋಡಿ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ, ದೊಣೆಯ ಅಂಚಿನಲ್ಲಿ ನಿಂತು ಹುಡುಗನಿಂದ ಫೋಟೊ ತೆಗೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಜ್ಜಿ, ಲವರ್‌ಗೋಸ್ಕರ ಅವಳು ಹಾರಿದ್ದು ಇದೇ ಮೆಟ್ಟಿಲಿಂದನಾ? ಬೋರ್ಡಲ್ಲಿ ಬರ್ದಿದಾರಲ್ಲ."

ದೊಡ್ಡಮ್ಮ ಬೋರ್ಡು ನೋಡಿದಳು, ನನ್ನನ್ನು ನೋಡಿದಳು.

"ನನ್ನ ಸ್ನೇಹಿತ ಮೋಸ ಮಾಡ್ದ ದೊಡ್ಡಮ್ಮ. ನಂಬಿ ಕೆಟ್ಟೆ" ಎಂದೆ.

"ಇದನ್ನ ನೆಡಾಕೆ ಮುಂಚೆ ನಿಂಗೆ ಗೊತ್ತಿತ್ತಾ?"

ಬೈದಿದ್ದೆ, ನಿಜ. ಆದರೆ ಬೋರ್ಡು ಹಾಕಬೇಡ ಎಂದು ಮಾತ್ರ ಹೇಳಿರಲಿಲ್ಲ. ದಪ್ಪಕ್ಷರದ ನನ್ನ ಹೆಸರನ್ನು ಆ ದಿನ ಎಷ್ಟು ಸಲ ನೋಡಿಕೊಂಡಿದ್ದೆನೋ.

"ಹಾರ್ಲಿಲ್ಲ ಕಣವ್ವಾ ಅವಳು. ಪಾಚಿ ಐತೆ, ಹುಸಾರು, ಈಚೆ ಬಾ" ಎಂದು ದೊಡ್ಡಮ್ಮ ಹುಡುಗಿಯ ಕೈಗೆ ಒಂದು ಹಿಡಿ ಮರಳು ಹಾಕಿ, ಎಲ್ಲಿ ಚೆಲ್ಲಬೇಕೆಂದು ತೋರಿಸಿದಳು. ಆ ಹುಡುಗನಿಗೂ ಕೊಟ್ಟಳು. ಮನೆಯವರಿಗೆಲ್ಲ ಸಾಲಾಗಿ ಕೊಡುತ್ತಾ ಬಂದಳು. ನಾನು ಕೈ ಚಾಚಿದೆ. ಚೀಲದಲ್ಲಿ ಇನ್ನೂ ಮರಳಿತ್ತು. ಅವಳು ಅದರ ಬಾಯಿ ಕಟ್ಟಿ ಕಂಕುಳಲ್ಲಿಟ್ಟುಕೊಂಡು ಬೆಟ್ಟ ಇಳಿಯತೊಡಗಿದಳು.