ಹೆಬ್ಬೂರು ರಸ್ತೆಯಲ್ಲಿ ಆಫ್ ಆದ ಬೈಕು

2022ರಲ್ಲಿ ನಾನು ತುಮಕೂರಿನ ಒಂದು ಬೈಕ್ ಶೋರೂಮಿನಲ್ಲಿ ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ಕಟ್ಟಡದ ಮುಂಭಾಗದಲ್ಲಿ ಗಾಜಿನ ಬಾಗಿಲು, ಎ.ಸಿ., ಹೊಳೆಯುವ ಹೊಸ ಗಾಡಿಗಳು. ಹಿಂಭಾಗದಲ್ಲಿ ನಮ್ಮ ವರ್ಕ್‌ಶಾಪು. ಮುಂದೆ ಮಾರಿದ್ದು ಕೆಟ್ಟರೆ ಹಿಂದೆ ಸರಿಮಾಡಿಕೊಡುವುದು ನನ್ನ ಕೆಲಸ. ಆ ವರ್ಷ ಕಂಪನಿ ಒಂದು ಅಡ್ವೆಂಚರ್ ಬೈಕನ್ನು ಮಾರುಕಟ್ಟೆಗೆ ಬಿಟ್ಟಿತು. ಎತ್ತರದ ಸೀಟು, ಉದ್ದನೆಯ ಸಸ್ಪೆನ್ಷನ್, ದೊಡ್ಡ ಮುಂಚಕ್ರ; ಸರಿಯಾದ ರಸ್ತೆ ಇಲ್ಲದ ಕಡೆಯೂ ಹೋಗಲೆಂದೇ ಮಾಡಿದ ಗಾಡಿ.

ನಮ್ಮಲ್ಲಿ ಅದನ್ನು ಮೊದಲು ಕೊಂಡವರು ಡಾಕ್ಟರ್ ಮಂಜುಳ. ಗುಬ್ಬಿಯವರು, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪಶುವೈದ್ಯೆ. ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದು ಫೋನ್ ಬಂದರೆ ತೆಂಗಿನ ತೋಟದ ಬದುವಿನ ಮೇಲೂ ಗಾಡಿ ಓಡಿಸಬೇಕಾದ ಕೆಲಸ ಅವರದು. ಅಂಥ ಕಡೆ ಅವರ ಹಳೆಯ ಸ್ಕೂಟರು ಕೆಸರಲ್ಲಿ ಹೂತುಕೊಳ್ಳುತ್ತಿತ್ತು. ಹೊಸ ಬೈಕನ್ನು ಎರಡು ಸುತ್ತು ಓಡಿಸಿ ನೋಡಿದ ಮೇಲೆ ಅವರು ಸೇಲ್ಸಿನವರನ್ನು ಬಿಟ್ಟು ನೇರವಾಗಿ ವರ್ಕ್‌ಶಾಪಿಗೆ ಬಂದರು.

"ಸಾರ್, ಮಾರೋರು ಚೆನ್ನಾಗಿದೆ ಅಂತಾನೇ ಹೇಳ್ತಾರೆ. ನೀವು ರಿಪೇರಿ ಮಾಡೋರು. ನೀವ್ ಹೇಳಿ, ನಂಬಬೋದಾ?"

ನಾನು ಒಂದು ದಿನ ಕಾಲಾವಕಾಶ ಕೇಳಿ ಪ್ರಸಾದನಿಗೆ ಫೋನ್ ಮಾಡಿದೆ. ಪ್ರಸಾದ ಕಂಪನಿಯ ಏರಿಯಾ ಸರ್ವಿಸ್ ಎಂಜಿನಿಯರ್. ಅಂದರೆ ನಮ್ಮ ಕೈಗೆ ಬಗೆಹರಿಯದ ತಾಂತ್ರಿಕ ತೊಂದರೆಗಳನ್ನು ಬಂದು ನೋಡಿ ಕಂಪನಿಗೆ ತಿಳಿಸುವವನು. ಅದಕ್ಕಿಂತ ಮೊದಲು ಅವನು ನನ್ನ ಹುಡುಗ. ಐ.ಟಿ.ಐ. ಮುಗಿಸಿ ಅಪ್ರೆಂಟಿಸ್ ಆಗಿ ನನ್ನ ಕೈಕೆಳಗೇ ಕೆಲಸ ಕಲಿತಿದ್ದ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಎಷ್ಟೋ ಭಾನುವಾರ ಊಟ ಮಾಡಿದ್ದ. ಕಂಪನಿಯಲ್ಲಿ ಕೆಲಸ ಖಾಲಿಯಿದ್ದಾಗ ಅವನ ಪರವಾಗಿ ಮಾತಾಡಿದವನೂ ನಾನೇ.

"ಕಣ್ಮುಚ್ಕೊಂಡು ಕೊಡ್ಸಿ ಅಣ್ಣ. ಟೆಸ್ಟಿಂಗ್ ಎಲ್ಲಾ ನಾನೇ ನೋಡಿದೀನಿ," ಎಂದ ಪ್ರಸಾದ.

ಅವನ ಮಾತನ್ನೇ ನನ್ನ ಮಾತಾಗಿ ಡಾಕ್ಟರಿಗೆ ಹೇಳಿದೆ. ಅವರು ಗಾಡಿ ಕೊಂಡರು.

ಎರಡನೇ ಸರ್ವಿಸಿಗೆ ಮೊದಲೇ ದೂರು ಬಂತು. ಹೆಬ್ಬೂರು ರಸ್ತೆಯಲ್ಲಿ ಹೋಗುತ್ತಿದ್ದಾಗ ಮೀಟರು ಇದ್ದಕ್ಕಿದ್ದಂತೆ ಕತ್ತಲಾಗಿ ಎಂಜಿನ್ ನಿಂತುಹೋಗಿತ್ತು. ಬದಿಗೆ ತಳ್ಳಿಕೊಂಡು ಹೋಗಿ ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಗಿತ್ತು. ಇಂಥದಕ್ಕೆ ನಮ್ಮಲ್ಲಿ ಇಂಟರ್ಮಿಟೆಂಟ್ ಫಾಲ್ಟ್ ಎನ್ನುತ್ತಾರೆ; ಬಂದು ಹೋಗುವ ದೋಷ. ಮೆಕ್ಯಾನಿಕ್ ಎದುರಿಗೆ ಮಾತ್ರ ಅದು ಬರುವುದಿಲ್ಲ. ಸ್ಕ್ಯಾನರ್ ಹಾಕಿದೆವು, ದೋಷ ತೋರಿಸಲಿಲ್ಲ. ಬ್ಯಾಟರಿ, ಪೆಟ್ರೋಲ್ ಪಂಪ್, ಎಲ್ಲ ಸರಿಯಿದ್ದವು. ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ನಿಲ್ಲಿಸುವ ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನು ಅನುಮಾನದ ಮೇಲೆ ಬದಲಿಸಿ ಕಳಿಸಿದೆವು. ಕೆಲವೇ ದಿನಗಳಲ್ಲಿ ಬೈಕು ಮತ್ತೆ ನಮ್ಮ ಮುಂದಿತ್ತು.

ಪ್ರಸಾದನನ್ನು ಕರೆಸಿದೆ. ಅವನು ಒಂದು ಸುತ್ತು ಓಡಿಸಿಕೊಂಡು ಬಂದು ಹೆಲ್ಮೆಟ್ ತೆಗೆಯುತ್ತಲೇ ಹೇಳಿದ: "ರೈಡರ್ ಮಿಸ್ಟೇಕ್ ಅಣ್ಣ. ಕ್ಲಚ್ ಸರಿಯಾಗಿ ಹಿಡೀತಿಲ್ಲ ಅನ್ಸುತ್ತೆ. ಈ ಕಂಪ್ಲೇಂಟ್ ಬೇರೆ ಎಲ್ಲೂ ಇಲ್ಲ."

ಡಾಕ್ಟರು ಅಲ್ಲೇ ನಿಂತಿದ್ದರು. "ಕ್ಲಚ್ ಬಿಟ್ರೆ ಎಂಜಿನ್ ನಿಲ್ಲುತ್ತೆ, ಒಪ್ಕೋತೀನಿ. ಮೀಟರ್ ಯಾಕೆ ಆಫ್ ಆಗುತ್ತೆ?" ಎಂದು ಕೇಳಿದರು. ಪ್ರಸಾದ ಫೋನು ನೋಡಿಕೊಂಡ. ಅವರು ನನ್ನ ಕಡೆ ತಿರುಗಿ, "ಹಸು ಮೇವು ಮುಟ್ತಿಲ್ಲ ಅಂತ ರೈತ ಬಂದ್ರೆ ನಾನು ಹಸುನ ಮುಟ್ಟಿ ನೋಡ್ತೀನಿ ಸಾರ್. ರೈತನ ಮೇಲೆ ತಪ್ಪು ಹೊರಿಸಲ್ಲ," ಎಂದರು. ಬೈಕನ್ನು ಇಲ್ಲೇ ಬಿಟ್ಟುಹೋಗಿ ಎಂದು ಕೇಳಿಕೊಂಡೆ. ಆದರೆ ಅವರಿಗೆ ಮರುದಿನ ಬೆಳಿಗ್ಗೆ ಕುಣಿಗಲ್ ಕಡೆ ಲಸಿಕೆ ಹಾಕುವ ಕೆಲಸವಿತ್ತು. ಕಂಪನಿಯ ಎಂಜಿನಿಯರೇ ಸರಿಯಿದೆ ಎಂದಿದ್ದಾನಲ್ಲ ಎಂದುಕೊಂಡು ತೆಗೆದುಕೊಂಡು ಹೋದರು.

ಅದೇ ವಾರ ಅವರು ಬಿದ್ದರು. ಒಂದು ಬಸ್ಸನ್ನು ಹಿಂದೆ ಹಾಕುತ್ತಿದ್ದಾಗ ಬೈಕು ಸತ್ತುಹೋಗಿತ್ತು. ಎದುರಿಗೆ ಬರುತ್ತಿದ್ದ ಲಾರಿಯಿಂದ ತಪ್ಪಿಸಿಕೊಳ್ಳಲು ಗಾಡಿಯನ್ನು ಮಣ್ಣಿಗೆ ಇಳಿಸಿದರು. ಜೀವ ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು. ಹಸುವಿನ ಹೊಟ್ಟೆಯೊಳಗೆ ಅಡ್ಡ ತಿರುಗಿದ ಕರುವನ್ನು ನೇರ ಮಾಡುವ ಕೈ ಅದು. ನಾನು ಆಸ್ಪತ್ರೆಗೆ ನೋಡಲು ಹೋದಾಗ ಅವರು ಜೋರು ಮಾಡಲಿಲ್ಲ.

"ನೀವ್ ಹೇಳಿದ್ರಿ ಅಂತ ತಗೊಂಡೆ ಸಾರ್," ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಬೈಕನ್ನು ವರ್ಕ್‌ಶಾಪಿಗೆ ತರಿಸಿ, ಬಾಗಿದ ಭಾಗಗಳನ್ನಷ್ಟೇ ಸರಿಮಾಡಿಸಿ, ದಿನವೂ ನಾನೇ ಓಡಿಸತೊಡಗಿದೆ. ಊರ್ಡಿಗೆರೆ ಕಡೆ ಹೋದೆ, ಗುಬ್ಬಿಗೆ ಹೋದೆ, ಏನೂ ಆಗಲಿಲ್ಲ. ಡಾಕ್ಟರು ಓಡಾಡುವ ದಾರಿಯಲ್ಲೇ ಓಡಾಡಬೇಕೆಂದು ಹೆಬ್ಬೂರು ದಾಟಿ ಕುಣಿಗಲ್ ಕಡೆಯ ಒಂದು ಹಳ್ಳಿಗೆ ತಿರುಗಿಸಿದೆ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದ್ದಾಗಲೇ ಮುಂಚಕ್ರ ಒಂದು ಗುಂಡಿಗೆ ಇಳಿಯಿತು. ಮೀಟರು ಕತ್ತಲಾಯಿತು, ಎಂಜಿನ್ ನಿಂತಿತು. ನಾನು ಕೀ ಮುಟ್ಟಲಿಲ್ಲ. ಹ್ಯಾಂಡಲನ್ನು ಮಾತ್ರ ನಿಧಾನಕ್ಕೆ ಬಲಕ್ಕೆ ತಂದೆ. ಮೀಟರು ಹೊತ್ತಿಕೊಂಡಿತು. ಎಡಕ್ಕೆ ತಂದು ಸ್ವಲ್ಪ ಅಲುಗಾಡಿಸಿದೆ, ಆರಿತು.

ವರ್ಕ್‌ಶಾಪಿನಲ್ಲಿ ಟ್ಯಾಂಕ್ ಬಿಚ್ಚಿಸಿದೆ. ಬೈಕಿನ ತಂತಿಗಳನ್ನೆಲ್ಲ ಒಟ್ಟುಗೂಡಿಸಿ ಸುತ್ತಿದ ಕಟ್ಟಿಗೆ ವೈರಿಂಗ್ ಹಾರ್ನೆಸ್ ಎನ್ನುತ್ತೇವೆ. ಹ್ಯಾಂಡಲಿನ ಬುಡದಲ್ಲಿ ಅದು ಒಂದು ಕಬ್ಬಿಣದ ಬ್ರ್ಯಾಕೆಟ್ಟಿಗೆ ಒತ್ತಿಕೊಂಡಿತ್ತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ನೆಟ್ಟಗೇ ಇತ್ತು. ಒಳಗೆ ತಾಮ್ರದ ಎಳೆಗಳು ತುಂಡಾಗಿದ್ದವು. ಹ್ಯಾಂಡಲ್ ತಿರುಗಿದಾಗ, ಗಾಡಿ ಕುಲುಕಿದಾಗ ಬೇರೆಯಾಗುತ್ತಿದ್ದವು, ನೇರವಾದಾಗ ಕೂಡುತ್ತಿದ್ದವು. ಹೊಸ ಹಾರ್ನೆಸ್ ತರಿಸಲು ಆರ್ಡರ್ ಹಾಕಿದೆ.

ಅದು ಬಂದ ದಿನವನ್ನು ನಾನು ಮರೆಯಲಾರೆ. ಹಳೆಯದನ್ನೂ ಹೊಸದನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಹಾಸಿದೆ. ಹೊಸದು ಸರಿಯಾಗಿ ಆ ತಿರುವಿನಲ್ಲಿ ಹಳೆಯದಕ್ಕಿಂತ ಎರಡು ಬೆರಳಿನಷ್ಟು ಹೆಚ್ಚು ಉದ್ದವಿತ್ತು. ಅದರ ಮೇಲೆ ದಪ್ಪ ರಬ್ಬರಿನ ಕೊಳವೆ ಹಾಕಿದ್ದರು. ಜೊತೆಗೆ ಬಂದ ಬ್ರ್ಯಾಕೆಟ್ಟಿನ ಆಕಾರವೂ ಬೇರೆ. ಯಾವ ಕಂಪನಿಯೂ ಸುಮ್ಮನೆ ಒಂದು ಭಾಗವನ್ನು ಬದಲಿಸುವುದಿಲ್ಲ. ದೋಷ ಗೊತ್ತಾಗಿ, ಹೊಸ ಡ್ರಾಯಿಂಗ್ ಆಗಿ, ಫ್ಯಾಕ್ಟರಿಯಲ್ಲಿ ತಯಾರಾಗಿ ಗೋಡೌನಿಗೆ ಬರಲು ತಿಂಗಳುಗಟ್ಟಲೆ ಬೇಕು. ಹಾಗಾದರೆ ಡಾಕ್ಟರು ಬೀಳುವುದಕ್ಕೆ ಬಹಳ ಮೊದಲೇ ಯಾರಿಗೋ ಇದು ಗೊತ್ತಿತ್ತು.

ಪ್ರಸಾದ ಬಂದ. ಟೇಬಲ್ ಮೇಲಿದ್ದ ಎರಡನ್ನೂ ನೋಡಿದ. ಇದೇನೆಂದು ಕೇಳಲಿಲ್ಲ. ಆಗಲೇ ನನಗೆ ಉತ್ತರ ಸಿಕ್ಕಿತ್ತು.

"ಯಾವಾಗಿಂದ ಗೊತ್ತು ನಿಂಗೆ?"

"ಮೀಟಿಂಗ್‌ನಲ್ಲಿ ಹೇಳಿದ್ರು ಅಣ್ಣ. ಗಲಾಟೆ ಮಾಡೋ ಕಸ್ಟಮರ್‌ಗೆ ಸದ್ದಿಲ್ದೆ ಹೊಸದು ಹಾಕ್ಕೊಡಿ, ಮಿಕ್ಕೋರಿಗೆ ಹೇಳ್ಬೇಡಿ ಅಂತ."

"ಯಾವಾಗಿಂದ ಅಂತ ಕೇಳ್ದೆ ಕಣೋ."

ಅವನು ತಲೆ ತಗ್ಗಿಸಿದ. "ನೀವು ನನ್ನ ಕರೆಸಿದ್ರಲ್ಲ, ಅವತ್ತೇ ಗೊತ್ತಿತ್ತು."

"ಆಯಮ್ಮ ನಿನ್ನ ಎದುರಿಗೇ ನಿಂತಿದ್ರಲ್ಲೋ! ಕಂಪನಿ ಬಾಯಿ ಮುಚ್ಸಿದ್ರೆ ಮುಚ್ಸ್ಲಿ. ನಂಗ್ಯಾಕ್ಲಾ ಸುಳ್ಳು ಹೇಳ್ದೆ?"

"ನಿಮ್ಗೆ ಹೇಳಿದ್ರೆ ನೀವು ಸುಮ್ನಿರ್ತಿರ್ಲಿಲ್ಲ ಅಣ್ಣ. ನನ್ ಕೆಲ್ಸ ಹೋಗ್ತಿತ್ತು."

ಅವನು ಹೇಳಿದ್ದು ನಿಜ. ನಾನು ಸುಮ್ಮನಿರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನನ್ನನ್ನು ಅರ್ಥಮಾಡಿಕೊಂಡವನು ಪ್ರಪಂಚದಲ್ಲಿ ಇನ್ನೊಬ್ಬನಿರಲಿಲ್ಲ. ಅದೇ ತಿಳಿವಳಿಕೆಯಿಂದ ಅವನು ನನ್ನನ್ನು ಕತ್ತಲಲ್ಲಿಟ್ಟಿದ್ದ, ನನ್ನ ಮಾತಿನ ಮೇಲೆ ನಂಬಿಕೆಯಿಟ್ಟಿದ್ದ ಹೆಣ್ಣುಮಗಳನ್ನು ಆ ಗಾಡಿಯ ಮೇಲೆಯೇ ವಾಪಸ್ ಕಳಿಸಿದ್ದ. "ಹೋಗು," ಎಂದೆ. ಅವನು ಹೋದ.

ಆ ಮಾಡೆಲ್ ಕೊಂಡವರಿಗೆಲ್ಲ ನಾನೇ ಫೋನ್ ಮಾಡಿ, ಗಾಡಿ ಓಡಿಸಬೇಡಿ, ನಾವೇ ಬಂದು ಒಯ್ಯುತ್ತೇವೆ ಎಂದೆ. ಶೋರೂಮಿನ ಮಾಲೀಕರು ಗಾಬರಿಯಾದರು. "ಕಂಪನಿ ಅಪ್ರೂವಲ್ ಇಲ್ದೆ ಹೆಂಗ್ರೀ ಪಾರ್ಟ್ಸ್ ಹಾಕ್ತೀರಾ? ಡೀಲರ್‌ಶಿಪ್ ಕಿತ್ಕೊಂಡ್ರೆ?" ಎಂದರು. ಟೇಬಲ್ ಹತ್ತಿರ ಕರೆದುಕೊಂಡು ಹೋಗಿ ಎರಡೂ ಹಾರ್ನೆಸ್ ತೋರಿಸಿದೆ. ಅವರ ಮಗನೂ ಅದೇ ಬೈಕಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ. ತುಂಡಾದ ಎಳೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಮೊದ್ಲು ಅವನದ್ದು ಬಿಚ್ಚಿ. ಆಮೇಲೆ ಎಲ್ರುದ್ದೂ ಮಾಡಿ," ಎಂದರು.

ಡಾಕ್ಟರಿಗೆ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆ. ಅವರು ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಅಲ್ಲಿ ಕಂಪನಿಯ ವಕೀಲರು ದುರುಗುಟ್ಟಿ ನೋಡುತ್ತಿದ್ದರೂ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ತೀರ್ಪು ಬರುವ ಮೊದಲೇ ಕಂಪನಿ ರಾಜಿಗೆ ಬಂದು, ಪರಿಹಾರ ಕೊಟ್ಟು ಬೈಕನ್ನು ವಾಪಸ್ ಪಡೆಯಿತು. ಮುಂದೆ ಆ ಮಾಡೆಲಿನ ಎಲ್ಲ ಗಾಡಿಗಳನ್ನೂ ತಪಾಸಣೆಗೆ ಕರೆಯಿತು; ಅದನ್ನು ಗ್ರಾಹಕರ ಮೇಲಿನ ಕಾಳಜಿ ಎಂದು ಹೇಳಿಕೊಂಡಿತು.

ಮಂಜುಳ ಅವರ ಮಣಿಕಟ್ಟು ಕೂಡಿಕೊಂಡಿದೆ, ಪೂರ್ತಿ ತಿರುಗುವುದಿಲ್ಲ. ಕಷ್ಟದ ಹೆರಿಗೆಯಿದ್ದರೆ ಈಗ ಇನ್ನೊಬ್ಬ ಡಾಕ್ಟರನ್ನು ಜೊತೆಗೆ ಕರೆಯುತ್ತಾರೆ. ಕೊನೆಯ ದಿನ ಆಯೋಗದ ಮೆಟ್ಟಿಲಿಳಿಯುವಾಗ ಅವರು, "ಸಾಕ್ಷಿ ಹೇಳಿದ್ರಿ, ಅದನ್ನ ಮರೆಯಲ್ಲ ಸಾರ್. ಆದ್ರೆ ಇನ್ಮೇಲೆ ಯಾವ್ ಗಾಡಿ ತಗೊಳ್ಳಿ ಅಂತ ನಿಮ್ಮನ್ನ ಕೇಳಲ್ಲ, ಬೇಜಾರ್ ಮಾಡ್ಕೋಬೇಡಿ," ಎಂದರು. ಬೇಜಾರಾಯಿತು. ಅವರ ಮೇಲಲ್ಲ.

ಪ್ರಸಾದ ಬೇರೆ ಜಿಲ್ಲೆಗೆ ವರ್ಗವಾಗಿ ಹೋದ. ಹಬ್ಬಕ್ಕೆ ಫೋನ್ ಮಾಡುತ್ತಾನೆ. ನನ್ನ ಹೆಂಡತಿ ಮಾತಾಡುತ್ತಾಳೆ, ನನ್ನ ಕೈಗೆ ಕೊಡಲು ನೋಡುತ್ತಾಳೆ. ನಾನು ಎದ್ದು ಹೊರಗೆ ಹೋಗುತ್ತೇನೆ.

ಬಂದು ಹೋಗುವ ದೋಷವನ್ನು ಹುಡುಕಲು ನಮ್ಮ ಬಳಿ ಯಾವ ಯಂತ್ರವಿದ್ದರೂ ಸಾಲದು. ಕೆಟ್ಟ ಭಾಗ ಕೈಗೆ ಸಿಗುವ ತನಕ ನಮಗಿರುವ ಏಕೈಕ ಆಧಾರ, ಆ ಗಾಡಿಯ ಮೇಲೆ ಕೂತಿದ್ದವರ ಮಾತು. ನಿಂತಿತು ಎಂದು ಅವರು ಹೇಳಿದರೆ ನಿಂತಿದೆ ಎಂದೇ ಕೆಲಸ ಶುರುಮಾಡಬೇಕು. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಮೇಲೆ ನಾನು ಇದನ್ನು ಕಲಿತೆ. ಕಲಿಯುವುದಕ್ಕೆ ನೋವುಂಡದ್ದು ಮಾತ್ರ ಬೇರೆಯವರ ಕೈ.