ಸಿನೆಮಾದ ಹೋಟೆಲು, ನಮ್ಮ ಲಾಡ್ಜು

ಕುಮಟೆಯ ಟಾಕೀಸಿನಲ್ಲಿ ಅಕ್ಕನ ಜೊತೆ ಸಿನೆಮಾ ನೋಡುತ್ತಿದ್ದ ವಯಸ್ಸಿನಲ್ಲಿ ನನಗೆ ಹೋಟೆಲಿನ ಕತೆಗಳೇ ಇಷ್ಟ. ಚಂದದ ಹೀರೋ ಸೂಟ್‌ಕೇಸ್ ಹಿಡಿದು ಬರುತ್ತಾನೆ, ಬೀಗ ತೆಗೆಯುತ್ತಾನೆ, ಬೂಟು ಹಾಕಿಕೊಂಡೇ ಬಿಳಿ ಹಾಸಿಗೆಯ ಮೇಲೆ ಬೀಳುತ್ತಾನೆ. "ಅಯ್ಯ, ಆ ಚಾದರ ಯಾರು ತೊಳೀತಾರೋ!" ಅಂತ ಅಕ್ಕ ಅವನನ್ನು ಬೈಯುತ್ತಿದ್ದಳು. ನನಗೆ ಮಾತ್ರ, ಮದುವೆಯಾದ ಮೇಲೆ ಒಂದು ಸಲವಾದರೂ ಗಂಡನ ಜೊತೆ ಹಾಗೆ ಉಳಿಯಬೇಕು ಅಂತ ಆಸೆ.

ದೇವರು ನಡೆಸಿಕೊಟ್ಟ, ಈ ವರ್ಷ. ಹೊಳನಗದ್ದೆಯ ಮನೆಯಿಂದ ಹೊನ್ನಾವರ, ಭಟ್ಕಳ ದಾಟಿ, ನಮ್ಮ ಕಡೆಯವರೆಲ್ಲ ಹೋಗುವ ದೊಡ್ಡಾಸ್ಪತ್ರೆಗೆ ಇವರನ್ನು ಕರೆದುಕೊಂಡು ಹೋದೆ. ಲಿವರಿನಲ್ಲಿ ಗಡ್ಡೆ. ಪರೀಕ್ಷೆಗಳು ಮುಗಿಯುವ ತನಕ ಎದುರಿನ ಲಾಡ್ಜಿನಲ್ಲಿ ಉಳಿದೆವು. ಕಿಟಕಿ ಇತ್ತು, ಬಿಸಿನೀರು ಬರುತ್ತಿತ್ತು. ಅಷ್ಟಾದರೂ ಇತ್ತಲ್ಲ.

ಬೆಳಿಗ್ಗೆ ಎದ್ದವಳು ಕೋಣೆ ಒರೆಸಿ ಬಾಗಿಲಿಗೆ ರಂಗೋಲಿ ಹಾಕಿದೆ. ಹುಡಿ ಊರಿಂದಲೇ ತಂದಿದ್ದೆ. ನಮ್ಮಲ್ಲಿ ಸಾವಾದ ಮನೆಯ ಬಾಗಿಲು ಮಾತ್ರ ಖಾಲಿ ಇರುತ್ತದೆ. ಗುಡಿಸುವ ಹೆಂಗಸು ಬಂದು ಸೊಂಟಕ್ಕೆ ಕೈಯಿಟ್ಟಳು.

"ಎಂತ ಅಮ್ಮ ಇದು? ಲಾಡ್ಜಿಗೆ ಯಾರಾದ್ರೂ ರಂಗೋಲಿ ಹಾಕ್ತಾರಾ? ಜಾರಿ ಬಿದ್ರೆ ಮ್ಯಾನೇಜರ್ ಬೈಯೂದು ನಂಗೆ."

ಒರೆಸಿಬಿಟ್ಟಳು. ಮರುದಿನ ಮತ್ತೆ ಹಾಕಿದೆ. ಇವರು ಮಂಚದ ಮೇಲಿಂದಲೇ ನಕ್ಕರು. "ನಿನ್ನ ಹೀರೋ ಬಂದ್ರೆ ತುಳ್ಕಂಡೇ ಬರ್ತಾನೆ ನೋಡು."

"ಬರ್ಲಿ ಅಂವ. ನೀವು ತುಳೀದೆ ಇದ್ರೆ ಆತು."

ಕೊನೆಗೆ ಡಾಕ್ಟರು ನನ್ನೊಬ್ಬಳನ್ನೇ ಕರೆದು, "ಇನ್ನು ಮಾಡೋದು ಏನೂ ಇಲ್ಲಮ್ಮ, ಮನೆಗೆ ಕರ್ಕೊಂಡು ಹೋಗಿ" ಅಂದರು. ಕೋಣೆಗೆ ಬಂದರೆ ಟಿವಿಯಲ್ಲಿ ಹಳೇ ಸಿನೆಮಾ. ಚಂದದವನೊಬ್ಬ ಸೀಟಿ ಹೊಡೆಯುತ್ತ ಹೋಟೆಲಿನ ಮೆಟ್ಟಿಲು ಇಳಿಯುತ್ತಿದ್ದ. ಇವರು ನನ್ನ ಮುಖ ನೋಡಿ "ಹೊರಡೂದಾ?" ಅಂದರು. ಡಾಕ್ಟರು ಎಂತ ಹೇಳಿದರು ಅಂತ ಕೇಳಲಿಲ್ಲ. ಟಿವಿ ಆರಿಸಿ, ಲಾಡ್ಜಿನ ಚಾದರ ಮಡಚಿಟ್ಟೆ.

ಈಗ ಮನೆಯಲ್ಲೇ ಮಲಗಿದ್ದಾರೆ. ಗಂಜಿತಿಳಿ ನಾಲ್ಕು ಚಮಚ ಒಳಗೆ ಹೋದರೆ ಪುಣ್ಯ. ದೇವರ ಮುಂದೆ ಗುಣ ಮಾಡು ಅಂತ ಕೇಳುವುದನ್ನು ಬಿಟ್ಟಿದ್ದೇನೆ. ನೋವು ಕಡಿಮೆ ಕೊಡು ಅನ್ನುತ್ತೇನೆ. ಬೆಳಿಗ್ಗೆ ರಂಗೋಲಿ ಹುಡಿಯ ಡಬ್ಬಿ ಹಿಡಿದು ಅಂಗಳದಿಂದ ನಾನು ಒಳಗೆ ಬಂದದ್ದು ಗೊತ್ತಾಗಿ, ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.

"ಹಾಕಿದ್ಯಾ?"

"ಹಾಕ್ದೆ."

"ಹಂಗಾರೆ ಇವತ್ತಿಂದು ಆತು."