ಹೋತದ ಹಾಲು

ಸಿನಿಮಾದವರು ಸಿನಿಮಾ ಮಾಡಿಕೊಂಡಿರಲಿ, ಕ್ರಿಕೆಟ್‌ನವರು ಚೆಂಡು ಹೊಡೆದುಕೊಂಡಿರಲಿ, ಟಿವಿಯಲ್ಲಿ ಒಗ್ಗರಣೆ ಹಾಕುವವರು ಹಾಕಿಕೊಂಡಿರಲಿ, ಪ್ರೇಮಮ್ಮನದೇನೂ ತಕರಾರಿರಲಿಲ್ಲ. ಆದರೆ ಈ ಜನಕ್ಕೆ ನಲವತ್ತು ದಾಟಿ, ಮನೆಯಲ್ಲೊಂದು ಕೂಸು ಹುಟ್ಟುತ್ತಿದ್ದ ಹಾಗೇ ಮಕ್ಕಳ ಪುಸ್ತಕ ಬರೆಯುವ ಚಪಲ ಯಾಕೆ ಹತ್ತಿಕೊಳ್ಳುತ್ತದೆ ಅನ್ನುವುದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ದೊಡ್ಡವರಿಗೆ ಬರೆದರೆ ಯಾರಾದರೂ ಬೈದಾರು ಅನ್ನುವ ಹೆದರಿಕೆ. ಮಕ್ಕಳಾದರೆ ಬೈಯುವುದಿಲ್ಲ, ಪತ್ರಿಕೆಗೆ ಬರೆಯುವುದಿಲ್ಲ, ಪುಸ್ತಕ ಚೆನ್ನಾಗಿಲ್ಲದಿದ್ದರೆ ಕೆಳಗಿಟ್ಟು ಆಟಕ್ಕೆ ಹೋಗುತ್ತವೆ. ಹಾಗೆ ಕೆಳಗಿಟ್ಟು ಹೋದ ಪುಸ್ತಕಗಳನ್ನು ಇಪ್ಪತ್ತೊಂದು ವರ್ಷದಿಂದ ಎತ್ತಿಡುತ್ತಾ ಬಂದವಳು ಪ್ರೇಮಮ್ಮ.

ಅಜ್ಜಂಪುರದ ಕಿರಾಣಿ ಅಂಗಡಿ ಸೋಮಶೇಖರಪ್ಪನವರ ಮಗಳು ಅವಳು. ಪೊಟ್ಟಣ ಕಟ್ಟಲು ತಂದಿಟ್ಟ ಹಳೇ ವಾರಪತ್ರಿಕೆಗಳನ್ನು ಓದಿಯೇ ಅಕ್ಷರದ ಹುಚ್ಚು ಹತ್ತಿಸಿಕೊಂಡಳು. ಇವಳ ಕೈಗೆ ಕಾಗದ ಕೊಟ್ಟರೆ ಕತೆ ಮುಗಿಯುವ ತನಕ ಗಿರಾಕಿ ಸಕ್ಕರೆಗೆ ಕಾಯಬೇಕು ಅಂತ ಅಪ್ಪ ರೇಗುತ್ತಿದ್ದರು. ತರೀಕೆರೆಯಲ್ಲಿ ಪಿಯುಸಿ ಮುಗಿಸಿದಳು. ಬೀರೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಗುರುಮೂರ್ತಿಯನ್ನು ಮದುವೆಯಾದಳು. ಯಗಟಿ ಪಂಚಾಯಿತಿಯ ಲೈಬ್ರರಿ ನೋಡಿಕೊಳ್ಳುವ ಕೆಲಸ ಸಿಕ್ಕಿದಾಗ, ದಿನಾ ಬಸ್ಸಿನಲ್ಲಿ ಮೈಕೈ ನೋಯಿಸಿಕೊಳ್ಳುವ ಕರ್ಮ ಯಾಕೆ ಅಂತ ಅತ್ತೆ ಕೇಳಿದ್ದರು. ಅಲ್ಲಿ ಓದೋಕೆ ಸಿಗುತ್ತೆ ಅತ್ತೆ ಅಂದಿದ್ದಳು.

ಓದೋಕೆ ಸಿಕ್ಕಿದ್ದು ಅಷ್ಟಕ್ಕಷ್ಟೇ. ಒಂದೇ ಕೋಣೆ, ಸೋರುವ ಒಂದು ಮೂಲೆ. ಮಧ್ಯೆ ಸರ್ಕಾರದವರು ಬಂದು ಲೈಬ್ರರಿ ಅನ್ನುವ ಬೋರ್ಡು ಕಿತ್ತು ಅರಿವು ಕೇಂದ್ರ ಅಂತ ಬರೆಸಿದರು. ಬೋರ್ಡು ಬದಲಾಯಿತು, ಪುಸ್ತಕ ಬದಲಾಗಲಿಲ್ಲ. ಮಕ್ಕಳ ಪುಸ್ತಕ ಅಂತ ಇದ್ದದ್ದು ಎಂಬತ್ತನಾಲ್ಕು. ಓದುವ ಮಕ್ಕಳಿಗೆ ಅವೆಲ್ಲ ಬಾಯಿಪಾಠವಾಗಿ, ಪುಟ ತಿರುಗಿಸುವ ಮೊದಲೇ ಮುಂದಿನ ಸಾಲು ಒದರುತ್ತಿದ್ದವು. ಹೊಸ ಪುಸ್ತಕ ಕೊಡಿ ಅಂತ ಆರು ವರ್ಷ ಅರ್ಜಿ ಬರೆದಳು. ಬರೆದ ಅರ್ಜಿಗಳನ್ನೇ ಹೊಲಿದಿದ್ದರೆ ಎಂಬತ್ತೈದನೆಯ ಪುಸ್ತಕ ಆಗುತ್ತಿತ್ತು.

ಆ ಮಕ್ಕಳಲ್ಲಿ ಕೋಮಲಾ ಅಂತ ಒಂದು ಹುಡುಗಿ, ಏಳನೇ ಕ್ಲಾಸು. ಊರಾಚೆ ಕುರಿ ಮೇಕೆ ಸಾಕಿಕೊಂಡಿದ್ದ ಹಾಲೇಶನ ಮಗಳು. ಎಂಬತ್ತನಾಲ್ಕನ್ನೂ ಮುಗಿಸಿ ದೊಡ್ಡವರ ಕಪಾಟಿಗೆ ಕೈಹಾಕಿದ್ದವಳು ಅವಳೊಬ್ಬಳೇ. ಹಾಲೇಶನಿಗೆ ಓದು ಬರುತ್ತಿರಲಿಲ್ಲ. ಆದರೆ ಸಾಯಂಕಾಲ ಮಂದೆ ರೊಪ್ಪಕ್ಕೆ ಕೂಡಿ, ಬೇಲಿ ಎಳೆದು ಕೂತ ಮೇಲೆ ಮಗಳು ಅವತ್ತು ಓದಿದ್ದನ್ನು ಹೇಳಲೇಬೇಕು. ಎದುರಾದವರಿಗೆಲ್ಲ ನನ್ನ ಮಗಳು ಸುಳ್ಳು ಹೇಳಲ್ಲ ಕಣ್ರೀ, ಪುಸ್ತಕದಾಗೆ ಐತೆ ಅಂತ ಹೇಳಿಕೊಂಡು ತಿರುಗುತ್ತಿದ್ದ.

ಹೀಗಿರುವಾಗ ಎಲ್ಲಾ ಅರಿವು ಕೇಂದ್ರಗಳಿಗೂ ಒಂದೊಂದು ಕಟ್ಟು ಪುಸ್ತಕ ಬಿಟ್ಟಿಯಾಗಿ ಬಂತು. ‘ನನ್ನಜ್ಜಿಯ ಬಿಸಿಬಿಸಿ ಹಾಲು’. ಬರೆದವನು ಸಿಡಿಲು ಧರ್ಮೇಶ್. ತೆರೆಯ ಮೇಲೆ ಒಂದೇ ಏಟಿಗೆ ಹದಿನಾಲ್ಕು ಜನರನ್ನು ಹಾರಿಸುವ ನಾಯಕ. ರಕ್ಷಾಪುಟದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಬಿಳೀ ಮರಿಯೊಂದನ್ನು ಎದೆಗವಚಿಕೊಂಡಿದ್ದ. ಮರಿಯ ಮುಖ ನೋಡಿದರೆ ಅದಕ್ಕಂತೂ ಇಷ್ಟವಿದ್ದ ಹಾಗೆ ಕಾಣಲಿಲ್ಲ. ಒಳಗೆ ಪುಟಕ್ಕೆ ಎರಡು ಸಾಲು, ಉಳಿದದ್ದು ಬಣ್ಣ. ಪ್ರೇಮಮ್ಮ ಸಾಯಂಕಾಲ ಬಸ್ಸು ಯಗಟಿ ದಾಟುವ ಹೊತ್ತಿಗೆ ಓದಲು ಶುರುಮಾಡಿದವಳು ಮುಂದಿನ ಸ್ಟಾಪು ಬರುವುದರೊಳಗೆ ಮುಗಿಸಿದಳು. ಒಂದು ಸಾಲಿಗೆ ಬಂದಾಗ ಗಟ್ಟಿಯಾಗಿ ನಕ್ಕೇಬಿಟ್ಟಳು. ‘ಅಜ್ಜಿ ದಿನವೂ ಕೋಳಿ ಕೂಗುವ ಮೊದಲೇ ಎದ್ದು ಹೋತದ ಹಾಲು ಕರೆದು ನನಗೆ ಕುಡಿಸುತ್ತಿದ್ದಳು.’

ಹೋತ ಅಂದರೆ ಗಂಡು ಮೇಕೆ. ಆ ಸೀಮೆಯಲ್ಲಿ ಮೊಲೆಹಾಲು ಬಿಡದ ಕೂಸಿಗೂ ಅದು ಗೊತ್ತು. ಮೇಕೆ ಅಂದರೆ ಪೇಟೆಯ ಮಾತಾಯಿತು, ಹಳ್ಳಿಯ ಸೊಗಡು ಬರಲಿ ಅಂತ ಬೆಂಗಳೂರಿನಲ್ಲಿ ಯಾರೋ ಸಂಬಳದ ಬರಹಗಾರ ತುರುಕಿದ್ದ ಪದ. ನಾಯಕ ಓದಿಯೂ ನೋಡದೆ ಸಹಿ ಹಾಕಿದ್ದ. ಮುನ್ನುಡಿಯಲ್ಲಿ ಮಾತ್ರ ಇದರ ಒಂದೊಂದು ಅಕ್ಷರವೂ ನನ್ನ ಬಾಲ್ಯ ಅಂತ ಹೇಳಿಕೊಂಡಿದ್ದ.

ಯಾಕೆ ನಗ್ತೀರಿ ಮೇಡಂ ಅಂತ ಕಂಡಕ್ಟರ್ ಚಂದ್ರಕುಮಾರ್ ಕೇಳಿದ. ತೋರಿಸಿದರೆ ಅವನಿಗೆ ನಗು ಬರಲಿಲ್ಲ. ಪಾಪ, ಅಷ್ಟು ಬಿಡುವಿಲ್ಲದ ಮನುಷ್ಯ ಮಕ್ಕಳಿಗೋಸ್ಕರ ಕೂತು ಬರೆದಿದಾರಲ್ಲ, ಅದು ದೊಡ್ಡದಲ್ವಾ ಅಂದ. ಮನೆಯಲ್ಲಿ ಮಗಳು ಸುಮನಾ ಮೊಬೈಲು ತೆಗೆದು ತೋರಿಸಿದಳು. ನಾಲ್ಕು ಸಾವಿರ ಜನ ಐದು ನಕ್ಷತ್ರ ಕೊಟ್ಟಿದ್ದರು. ಮಗುವಿನಂಥ ಮನಸ್ಸು, ಹೂವಿನಂಥ ಬರವಣಿಗೆ ಅಂತ ಹೊಗಳಿದ್ದರು. ಮಗುವಿನಂಥ ಮನಸ್ಸು ಅಂದರೆ ಗಂಡು ಹೆಣ್ಣು ಗೊತ್ತಾಗದ್ದು ಅಂತಲೋ ಅಂದಳು ಪ್ರೇಮಮ್ಮ. ಯಗಟಿಯ ಮಕ್ಕಳು ಮಾತ್ರ ಆ ಸಾಲು ಓದಿ ಬಿದ್ದು ಬಿದ್ದು ನಕ್ಕವು. ಕೋಮಲಾ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ನಗ್ರಿ, ಚೆನ್ನಾಗಿ ನಗ್ರಿ, ಓದಿದ್ದನ್ನೆಲ್ಲ ನಂಬಬಾರದು ಅಂತ ಪ್ರೇಮಮ್ಮ ಅವತ್ತು ಪಾಠ ಮಾಡಿದಳು.

ಮಾರನೇ ವಾರವೇ ಸುತ್ತೋಲೆ ಬಂತು. ಪುಸ್ತಕ ಹಂಚಿದ ಸಂಸ್ಥೆಯವರು ಕಡೂರಿನಲ್ಲಿ ಓದುವ ಸ್ಪರ್ಧೆ ಇಟ್ಟಿದ್ದರು. ಧರ್ಮೇಶ್ ಸಾಹೇಬರ ಪುಸ್ತಕದ ಮೇಲೆ ಪ್ರಶ್ನೆ, ಸಾಹೇಬರೇ ಖುದ್ದು ಬರುತ್ತಾರೆ. ಗೆದ್ದ ಮಗುವಿನ ಊರಿನ ಲೈಬ್ರರಿಗೆ ಐನೂರು ಮಕ್ಕಳ ಪುಸ್ತಕ, ಎರಡು ಕಬ್ಬಿಣದ ಬೀರು. ಪ್ರೇಮಮ್ಮ ಸುತ್ತೋಲೆಯನ್ನು ಮೂರು ಸಲ ಓದಿದಳು. ಐನೂರು ಅನ್ನುವ ಪದದ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತಳು. ಆಮೇಲೆ ಕೋಮಲಾಳನ್ನು ಕರೆದು ಆ ದರಿದ್ರ ಪುಸ್ತಕವನ್ನು ಬಾಯಿಪಾಠ ಮಾಡಿಸಿದಳು.

ಕಡೂರಿನ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹತ್ತು ಗಂಟೆಗೆ ಬರಬೇಕಾದ ನಾಯಕ ಒಂದೂವರೆಗೆ ಬಂದ. ಮಕ್ಕಳು ಹಸಿದು ಸೊರಗಿದ್ದವು. ಬಂದವನೇ ಮಕ್ಕಳೇ ನನ್ನ ದೇವರು ಅಂದ. ದೇವರುಗಳನ್ನು ಮೂರೂವರೆ ಗಂಟೆ ಕಾಯಿಸಿದ ಭಕ್ತನಿಗೆ ಜನ ಶಿಳ್ಳೆ ಹೊಡೆದರು. ಪ್ರಶ್ನೆಗಳು ನಡೆದು ನಡೆದು ಕಡೆಗೆ ಇಬ್ಬರು ಉಳಿದರು, ಕೋಮಲಾ ಮತ್ತು ಕಡೂರಿನದೇ ಒಬ್ಬ ಹುಡುಗ. ಕೊನೆಯ ಪ್ರಶ್ನೆಯನ್ನು ನಾಯಕನೇ ಕೇಳಿದ. ನಮ್ಮಜ್ಜಿ ನನಗೆ ಯಾವುದರ ಹಾಲು ಕುಡಿಸುತ್ತಿದ್ದರು ಪುಟ್ಟಾ?

ಮೈಕು ಕೋಮಲಾಳ ಬಾಯಿಯ ಹತ್ತಿರ ಬಂತು. “ಮೇ...” ಅಂದವಳು ನಿಂತಳು. ಮುಂದಿನ ಸಾಲಿನಲ್ಲಿದ್ದ ಪ್ರೇಮಮ್ಮನ ಮುಖ ನೋಡಿದಳು. ವೇದಿಕೆಯ ಮೇಲೆ ಎರಡು ಬೀರುಗಳು ರಿಬ್ಬನ್ನು ಕಟ್ಟಿಸಿಕೊಂಡು ನಿಂತಿದ್ದವು, ಪಕ್ಕದಲ್ಲಿ ಪೆಟ್ಟಿಗೆಗಳ ಸಾಲು. ಪ್ರೇಮಮ್ಮ ಬೇಡ ಅನ್ನುವಂತೆ ತಲೆಯಾಡಿಸಿದಳು. ಆಮೇಲೆ ಸದ್ದಿಲ್ಲದೆ ತುಟಿ ಅಲ್ಲಾಡಿಸಿದಳು: ಹೋತ. ಹುಡುಗಿಗೆ ಅರ್ಥವಾಗಲಿಲ್ಲವೇನೋ ಅಂತ ಇನ್ನೊಂದು ಸಲ ಅಲ್ಲಾಡಿಸಿದಳು. ಹುಡುಗಿಗೆ ಮೊದಲನೇ ಸಲಕ್ಕೇ ಅರ್ಥವಾಗಿತ್ತು.

“ಹೋತದ ಹಾಲು,” ಅಂದಳು ಕೋಮಲಾ.

ಹಿಂದಿನ ಸಾಲುಗಳಲ್ಲಿ ಯಗಟಿ, ಹಿರೇನಲ್ಲೂರು ಕಡೆಯವರು ಕೂತಿದ್ದರು. ಮೊದಲು ಅಲ್ಲಿ ನಗು ಎದ್ದಿತು, ಆಮೇಲೆ ಸಭೆಯೆಲ್ಲ ಹಬ್ಬಿತು. ನಾಯಕ ಅದನ್ನು ತನ್ನ ಮೇಲಿನ ಪ್ರೀತಿ ಅಂದುಕೊಂಡು ಹುಡುಗಿಯ ಹೆಗಲ ಮೇಲೆ ಕೈಹಾಕಿ, ಇದೇ ನೋಡಿ ನಮ್ಮ ಮಣ್ಣಿನ ಘಮಲು ಅಂತ ಫೋಟೋ ಹೊಡೆಸಿಕೊಂಡ. ಗೆದ್ದು ವಾಪಸು ಬರುವಾಗ ಕೋಮಲಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಐನೂರು ಪುಸ್ತಕ ಕಣೇ, ಮೊದಲನೇದು ನೀನೇ ಆರಿಸ್ಕೋಬೇಕು ಅಂತ ಪ್ರೇಮಮ್ಮ ದಾರಿಯುದ್ದಕ್ಕೂ ಹೇಳಿದಳು.

ಎರಡು ದಿನದೊಳಗೆ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಜನ ನಾಯಕನನ್ನು ನೋಡಿ ನಗಲಿಲ್ಲ. ಪುಸ್ತಕದಲ್ಲಿ ಹಾಗೇ ಇದೆ ಅನ್ನುವುದು ನಕ್ಕವರಿಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ಐದು ನಕ್ಷತ್ರ ಕೊಟ್ಟವರೂ ಸೇರಿ ಯಾರೂ ಅದನ್ನು ಓದಿರಲಿಲ್ಲ. ಕುರಿಯೋರ ಹುಡುಗಿಗೆ ಹೋತ ಯಾವುದು ಮೇಕೆ ಯಾವುದು ಗೊತ್ತಿಲ್ಲ, ಈಗಿನ ಮಕ್ಕಳೇ ಹಿಂಗೆ ಅಂತ ಬುದ್ಧಿ ಹೇಳಿದರು. ಅಂಥಾ ಪೆದ್ದಿಯನ್ನೂ ಹತ್ತಿರ ಕರೆದು ಮಾತಾಡಿಸಿದರಲ್ಲ, ಎಂಥಾ ದೊಡ್ಡ ಗುಣ ಅಂತ ಧರ್ಮೇಶನನ್ನು ಹೊಗಳಿದರು. ಬಸ್‌ಸ್ಟ್ಯಾಂಡಿನಲ್ಲಿ ಪಡ್ಡೆಗಳು ಕೋಮಲಾಳನ್ನು ಕಂಡರೆ ಮ್ಯಾ ಅನ್ನತೊಡಗಿದವು. ಪ್ರೇಮಮ್ಮನ ಮೈ ಉರಿದುಹೋಯಿತು. ಬಸ್ಸಿನಲ್ಲಿ, ಪಂಚಾಯಿತಿಯಲ್ಲಿ, ಹೋಟೆಲಿನ ಮುಂದೆ, ಸಿಕ್ಕಿದ ಕಡೆಯೆಲ್ಲ ಪುಸ್ತಕದ ಆ ಪುಟ ಬಿಡಿಸಿ ತೋರಿಸಿ ನಾಯಕನ ಜನ್ಮ ಜಾಲಾಡಿದಳು. ಆದರೆ ಹುಡುಗಿಗೆ ಹಾಗೆ ಹೇಳು ಅಂತ ತುಟಿ ಅಲ್ಲಾಡಿಸಿದ್ದು ಯಾರು ಅನ್ನುವುದನ್ನು ಎಲ್ಲಿಯೂ ಬಾಯಿಬಿಡಲಿಲ್ಲ.

ಪೆಟ್ಟಿಗೆಗಳು ಬಂದವು. ಬಿಚ್ಚಿದರೆ ಮುನ್ನೂರು ‘ನನ್ನಜ್ಜಿಯ ಬಿಸಿಬಿಸಿ ಹಾಲು’. ಉಳಿದ ಇನ್ನೂರು ಅವನ ಸ್ನೇಹಿತರವು: ಒಬ್ಬ ಬೌಲರ್ ಬರೆದ ಚಂದಮಾಮನ ಕತೆ, ಒಬ್ಬ ನಿರೂಪಕಿ ಬರೆದ ಚಿಟ್ಟೆಯ ಕತೆ, ಒಬ್ಬ ಮಂತ್ರಿಯ ಸೊಸೆ ಬರೆದ ಇನ್ನೊಂದು ಚಿಟ್ಟೆಯ ಕತೆ. ಮೊದಲನೇದನ್ನು ಆರಿಸಿಕೊಳ್ಳಲು ಕೋಮಲಾ ಬರಲಿಲ್ಲ. ಹತ್ತು ದಿನವಾದರೂ ಬರಲಿಲ್ಲ. ಲೈಬ್ರರಿ ಹಾದಿಯನ್ನೇ ಬಿಟ್ಟು ಶಾಲೆಗೆ ಸುತ್ತುಬಳಸಿ ಹೋಗುತ್ತಿದ್ದಾಳೆ ಅಂತ ಉಳಿದ ಮಕ್ಕಳು ಹೇಳಿದವು.

ಹನ್ನೊಂದನೇ ದಿನ ಪ್ರೇಮಮ್ಮ ಬಾಗಿಲು ಹಾಕಿಕೊಂಡು ಹಾಲೇಶನ ರೊಪ್ಪಕ್ಕೆ ಹೋದಳು. ಅವನು ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಕೂತ್ಕಳಿ ಅಮ್ಮ ಅಂತ ಕಲ್ಲು ತೋರಿಸಿದ. ಕೋಮಲಾ ಗುಡಿಸಲಿನ ಒಳಗಿದ್ದಳು, ಹೊರಗೆ ಬರಲಿಲ್ಲ. ಪ್ರೇಮಮ್ಮ ಧರ್ಮೇಶನಿಂದ ಶುರುಮಾಡಿದಳು. ಅಕ್ಷರ ಗೊತ್ತಿಲ್ಲದವನು, ಅಜ್ಜಿಯನ್ನೇ ಕಂಡಿರದವನು, ಮಕ್ಕಳು ಅಂದರೆ ಕಸದ ಬುಟ್ಟಿ ಅಂದುಕೊಂಡವನು ಅಂತ ಬೈದಳು. ಬೈಗುಳೆಲ್ಲ ಮುಗಿದರೂ ಹಾಲೇಶ ಸೊಪ್ಪು ಕಟ್ಟುತ್ತಲೇ ಇದ್ದ. ಯಾಕೆ ಹಂಗಂದೆ ಮಗ ಅಂತ ನಾನೂ ಕೇಳ್ದೆ, ಮರ್ತೋಯ್ತು ಕಣಪ್ಪ ಅಂತು, ಹುಟ್ಟಿದಾಗಿಂದ ಹೋತಗಳ ಮಧ್ಯೆ ಬೆಳೆದಿರೋದು ಅದೆಂಗೆ ಮರ್ತೋಗುತ್ತೆ ಅಂತ ಒಂದೇಟು ಹೊಡೆದೂಬಿಟ್ಟೆ ಅಂದ.

ಪ್ರೇಮಮ್ಮ ಕಲ್ಲಿನಿಂದ ಎದ್ದು ನಿಂತಳು. “ಅವಳು ಮರೆತಿರ್ಲಿಲ್ಲ ಹಾಲೇಶಪ್ಪ. ನಾನೇ ಹೇಳ್ಕೊಟ್ಟಿದ್ದು. ಪುಸ್ತಕ ಬರ್ಲಿ ಅಂತ.”

ಹಾಲೇಶ ಕೈಲಿದ್ದ ಸೊಪ್ಪು ಕೆಳಗಿಟ್ಟ. ಗುಡಿಸಲಿನ ಕಡೆ ನೋಡಿದ, ಆಮೇಲೆ ಅವಳ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಆವಯ್ಯಂಗೆ ಗೊತ್ತಿರ್ಲಿಲ್ಲ, ಬರ್ದ. ನಿಮಗೆ ಗೊತ್ತಿತ್ತಲ್ಲಮ್ಮ.”